ಹೂ ಬಿಟ್ಟಾಗ ಎಷ್ಟು ಗಂಟೆಗೆ ಔಷಧಿ ಹೊಡೀತೀರಿ?

ಕಲಬುರಗಿ ಕಡೆಯವನು ಅಂದ ಕೂಡಲೇ ಆಫೀಸಿನಲ್ಲಿ ಎರಡೇ ಪ್ರಶ್ನೆ. ಅಲ್ಲಿ ಬಿಸಿಲು ಎಷ್ಟು? ಊರಿಂದ ತೊಗರಿಬೇಳೆ ಯಾವಾಗ ತರ್ತೀಯ? ಎರಡನೇದು ಕೇಳೋದ್ರಲ್ಲಿ ತಪ್ಪಿಲ್ಲ ಬಿಡಿ, 2019ರಲ್ಲಿ ನಮ್ಮ ಬೇಳೆಗೆ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಆಳಂದ, ಅಫಜಲಪುರ, ಜೇವರ್ಗಿ ಯಾವ ರಸ್ತೆ ಹಿಡಿದರೂ ದೀಪಾವಳಿ ಹೊತ್ತಿಗೆ ಎರೆ ಹೊಲದ ತುಂಬ ತೊಗರಿಯ ಹಳದಿ ಹೂ.

ಆ ಹಳದಿಯ ಪಕ್ಕ ಇನ್ನೊಂದು ಹಳದಿ ಇರುತ್ತಿತ್ತು, ಸೂರ್ಯಕಾಂತಿ. ಈಗ ನಮ್ಮೂರಲ್ಲಿ ಅದನ್ನು ಬಿತ್ತುವವರು ಕಮ್ಮಿ. ನಮ್ಮ ಪಕ್ಕದ ಹೊಲದ ಕಾಕಾ ಇನ್ನೂ ಬಿಟ್ಟಿಲ್ಲ. ಹೋದ ವರ್ಷ ಅವರ ತೆನೆಗಳ ನಡುವೆಲ್ಲ ಜಳ್ಳು. "ನೀವು ತೊಗರಿಗೆ ಎಣ್ಣಿ ಹೊಡದ್ರಿ, ಜೇನೆಲ್ಲ ಸತ್ತು ಹೋದ್ವು" ಅಂತ ಅಪ್ಪನ ಮೇಲೆ ಬಂದರು. "ಟೈಮಿಗೆ ನೀರು ಬಿಡಲಿಲ್ಲ, ಈಗ ಜೇನಿನ ಹೆಸರು ಹೇಳ್ತಿ" ಅಂತ ಅಪ್ಪ. ಎಳ್ಳ ಅಮಾವಾಸ್ಯೆಗೆ ಒಟ್ಟಿಗೆ ಚರಗ ಚೆಲ್ಲುತ್ತಿದ್ದ ಎರಡು ಮನೆಗಳು ಆ ಸಲ ಬೇರೆ ಬೇರೆ ಬುತ್ತಿ ಬಿಚ್ಚಿದವು.

ಇಬ್ಬರ ಮಾತಲ್ಲೂ ಅರ್ಧ ಸತ್ಯ ಇದೆ ಅನ್ನೋದೇ ಈ ಜಗಳದ ತೊಡಕು.

ಸೂರ್ಯಕಾಂತಿಯ ತೆನೆ ಒಂದು ಹೂವಲ್ಲ, ನೂರಾರು ಸಣ್ಣ ಹೂಗಳ ತಟ್ಟೆ. ಅಂಚಿನಿಂದ ನಡುವಿನ ಕಡೆಗೆ ದಿನಕ್ಕಿಷ್ಟು ಸುತ್ತು ಅರಳುತ್ತಾ ಹೋಗುತ್ತವೆ. ಪ್ರತಿ ಹೂವೂ ಮೊದಲು ಪರಾಗ ಬಿಡುತ್ತೆ, ಅದರ ಶಲಾಕಾಗ್ರ ತೆರೆಯೋದು ಆಮೇಲೆ. ಹಾಗಾಗಿ ಪರಾಗವನ್ನು ಹೊತ್ತು ತರೋಕೆ ಯಾರಾದರೂ ಬೇಕು. ಇವತ್ತಿನ ಹೈಬ್ರಿಡ್‌ಗಳು ಹಳೇ ತಳಿಗಳಿಗಿಂತ ಸ್ವಲ್ಪ ಸ್ವಾವಲಂಬಿ, ನಿಜ. ಆದರೂ ಜೇನು ಬಂದರೆ ಕಾಳು ಚೆನ್ನಾಗಿ ಕಟ್ಟುತ್ತೆ, ಎಣ್ಣೆ ಅಂಶವೂ ಹೆಚ್ಚುತ್ತೆ. ಜೇನು ಇಲ್ಲದ ಕಡೆ ಬೆಳಿಗ್ಗೆ ಹೊತ್ತು ತೆಳು ಬಟ್ಟೆಯಿಂದ ತೆನೆಗಳನ್ನು ಮೃದುವಾಗಿ ಉಜ್ಜಿ ಅಂತ ಕೃಷಿ ವಿಶ್ವವಿದ್ಯಾಲಯದವರೇ ಹೇಳ್ತಾರೆ. ಎಕರೆಗಟ್ಟಲೆ ತೆನೆ, ದಿನ ಬಿಟ್ಟು ದಿನ! ಜೇನುಹುಳ ಇದನ್ನೆಲ್ಲ ಸಂಬಳ ಇಲ್ಲದೆ ಮಾಡ್ತಿತ್ತು.

ಆದರೆ ಹೂ ಬಿಡುವಾಗ ನೆಲದಲ್ಲಿ ತೇವ ಇಲ್ಲದಿದ್ದರೂ ನಡುವೆ ಜಳ್ಳಾಗುತ್ತೆ. ಬೋರಾನ್ ಕೊರತೆ ಆದರೂ ಅಷ್ಟೇ. ಅದಕ್ಕೇ ತೆನೆ ಅರಳುವಾಗ ಶೇ. 0.2ರ ಬೋರಾಕ್ಸ್ ಸಿಂಪಡಿಸಿ ಅಂತಾರೆ. ಕೊಯ್ದ ಮೇಲೆ ಜಳ್ಳು ಕಾಳನ್ನು ಕೈಯಲ್ಲಿ ಹಿಡಿದು ಇದು ಜೇನಿನ ಜಳ್ಳೋ ನೀರಿನ ಜಳ್ಳೋ ಅಂತ ಯಾರೂ ಹೇಳಲಾರರು.

ನಮ್ಮ ಭಾಷೆಯಲ್ಲಿ ಹೇಳೋದಾದರೆ ಇದು ಬಾಟಲ್‌ನೆಕ್ ಸಮಸ್ಯೆ. ಡೇಟಾಬೇಸ್ ನಿಧಾನ ಇದ್ದರೆ ಎಷ್ಟು ಸರ್ವರ್ ಸೇರಿಸಿದರೂ ಆ್ಯಪ್ ಓಡಲ್ಲ. ಒಣಗಿದ ಗಿಡಕ್ಕೆ ಸಾವಿರ ಜೇನು ಬಂದರೂ ಕಾಳು ತುಂಬೋ ಶಕ್ತಿ ಇರಲ್ಲ. ಜೇನೇ ಇಲ್ಲದ ಹೊಲಕ್ಕೆ ಇನ್ನೊಂದು ಚೀಲ ಗೊಬ್ಬರ ಸುರಿದರೂ ಪರಾಗ ಬರಲ್ಲ. ಇಟಲಿಯ ಸಂಶೋಧಕರು 2017ರಲ್ಲಿ ಸೂರ್ಯಕಾಂತಿಯ ಮೇಲೇ ಪ್ರಯೋಗ ಮಾಡಿ, ಪೋಷಕಾಂಶ ಮಧ್ಯಮ ಮಟ್ಟದಲ್ಲಿದ್ದಾಗ ಪರಾಗಸ್ಪರ್ಶದ ಲಾಭ ಅತಿ ಹೆಚ್ಚು ಅಂತ ಬರೆದರು. ಅದರ ಹಿಂದಿನ ವರ್ಷ 'ಸೈನ್ಸ್' ಪತ್ರಿಕೆಯಲ್ಲಿ ಬಂದ ದೊಡ್ಡ ಅಧ್ಯಯನ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ 344 ಹೊಲಗಳದ್ದು. ಎರಡು ಹೆಕ್ಟೇರಿಗಿಂತ ಸಣ್ಣ ಹೊಲಗಳಲ್ಲಿ, ಚೆನ್ನಾಗಿ ಬೆಳೆದ ಹೊಲಕ್ಕೂ ಬೆಳೆಯದ ಹೊಲಕ್ಕೂ ಇರುವ ಅಂತರದ ಸುಮಾರು ಶೇ. 24ನ್ನು ಹೂವಿಗೆ ಬರುವ ಕೀಟಗಳು ಹೆಚ್ಚಾದರೆ ಮುಚ್ಚಬಹುದು ಅಂತ ಅದರ ಲೆಕ್ಕ. ಐದೆಕರೆಯೊಳಗಿನ ಹೊಲ ಅಂದರೆ ನಮ್ಮೂರಿನ ಎಷ್ಟೋ ಮನೆಗಳ ಕಥೆ.

ತೊಗರಿಯದು ಬೇರೆ ಸ್ವಭಾವ. ಹೂ ಅರಳುವ ಮೊದಲೇ ಒಳಗೊಳಗೇ ಬಹುಪಾಲು ಪರಾಗಸ್ಪರ್ಶ ಮುಗಿದಿರುತ್ತೆ. ಹಾಗಾಗಿ ಅಪ್ಪನಿಗೆ ಜೇನಿನ ಚಿಂತೆ ಇಲ್ಲ, ಅವರ ಚಿಂತೆಯೆಲ್ಲ ಕಾಯಿಕೊರಕದ್ದು. ಅದೂ ಸುಳ್ಳಲ್ಲ, ಆ ಹುಳ ಬಿದ್ದ ವರ್ಷ ಸಾಲದ ಕಂತು ಕಟ್ಟೋಕೂ ಆಗಲ್ಲ. ಆದರೆ ತೊಗರಿ ಹೂವಿಗೂ ಹೆಜ್ಜೇನು, ಎಲೆ ಕತ್ತರಿಸುವ ಒಂಟಿ ಜೇನು ಬರ್ತವೆ. ಬೆಳಿಗ್ಗೆ ಹತ್ತಕ್ಕೆ ನಾವು ಹೊಡೆದ ಔಷಧಿ ಅವಕ್ಕೂ ತಾಗುತ್ತೆ. ಅವೇ ಹುಳ ಕಾಕಾನ ಸೂರ್ಯಕಾಂತಿಗೂ ಹೋಗಬೇಕಾದವು. ನಮ್ಮ ಹೊಲದ ಬದು ಜೇನಿಗೆ ಬೇಲಿ ಅಲ್ಲವಲ್ಲ.

ಬದು ಅಂದೆ, ಅದೂ ಕಮ್ಮಿ ಆಗ್ತಿದೆ. ಜೆಸಿಬಿ ತಂದು ಬದು ಸವರಿ ಎರಡು ಸಾಲು ಹೆಚ್ಚಿಗೆ ಬಿತ್ತೋದು ಲಾಭ ಅನ್ಸುತ್ತೆ. ಒಂಟಿ ಜೇನುಗಳಲ್ಲಿ ಎಷ್ಟೋ ಜಾತಿ ಗೂಡು ಮಾಡೋದು ಉಳುಮೆ ತಾಗದ ಅಂಥ ಮಣ್ಣಿನಲ್ಲೇ. ಮೊದಲು ಅಕ್ಕಡಿ ಸಾಲಿನಲ್ಲಿ ಎಳ್ಳು, ಜೋಳದ ಹೊಲದ ಸುತ್ತ ಕುಸುಬೆ ಇರ್ತಿತ್ತು. ಒಂದರ ಹೂ ಮುಗಿಯೋ ಹೊತ್ತಿಗೆ ಇನ್ನೊಂದು. ಬರೀ ತೊಗರಿ ಇದ್ದರೆ ಹೂ ಉದುರಿದ ಮೇಲೆ ಜೇನಿಗೆ ಉಪವಾಸ.

ಈ ವರ್ಷ ನಾನು ಫೋನಿನಲ್ಲಿ ಅಪ್ಪನಿಗೆ ಕೇಳಿಕೊಂಡಿದ್ದು ಎರಡೇ. ಹುಳ ಎಣಿಸಿ ನೋಡದೆ ಹೊಡೀಬೇಡ್ರಿ. ಹೊಡೆಯೋದೇ ಆದರೆ ಜೇನು ಗೂಡಿಗೆ ಹೋದ ಮೇಲೆ, ಸಂಜೆ. "ಸಂಜಿಗೆ ಆಳು ಸಿಗಂಗಿಲ್ಲೋ, ಹೆಚ್ಚಿಗಿ ರೊಕ್ಕ ಕೇಳ್ತಾರ" ಅಂದರು. ಆ ಹೆಚ್ಚಿನ ಕೂಲಿ ನಾನು ಕೊಡ್ತೀನಿ ಅಂದೆ. ಇಲ್ಲಿ ಎರಡು ಸಲ ಊಟ ಆರ್ಡರ್ ಮಾಡುವಷ್ಟೂ ಆಗಲಿಲ್ಲ. ಹೊಡೆಯೋ ಹಿಂದಿನ ದಿನ ಕಾಕಾನಿಗೆ ಅಪ್ಪನೇ ಹೇಳಿ ಬಂದರಂತೆ. ಕಾಕಾ ಏನೂ ಅನ್ನಲಿಲ್ಲ, ಚಹಾ ಮಾತ್ರ ಕೊಟ್ಟರಂತೆ. ಬೆಳೆ ಇನ್ನೂ ಹೊಲದಲ್ಲಿದೆ, ಫಲಿತಾಂಶ ಈಗಲೇ ಹೇಳೋಕೆ ಆಗಲ್ಲ.

ಊರಿಗೆ ಬೀಜಕ್ಕೆ, ಗೊಬ್ಬರಕ್ಕೆ ಅಂತ ಫೋನ್‌ಪೇ ಮಾಡುವ ನಾವೆಲ್ಲ ಕೇಳೋದು ಒಂದೇ, ಎಷ್ಟು ಬೇಕು? ಮುಂದಿನ ಸಲ ಎಷ್ಟು ಗಂಟೆಗೆ ಹೊಡೀತೀರಿ ಅಂತಾನೂ ಕೇಳಿ ನೋಡಿ. ಪಕ್ಕದ ಹೊಲದಲ್ಲಿ ಏನು ಹೂ ಬಿಟ್ಟಿದೆ ಅಂತಾನೂ.