ಊರಿಗೊಂದು ಅಕ್ಷಾಂಶ



ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಿಮಗೆ ಮದುವೆ ಮುಂಜಿಗಳಲ್ಲಿ ಹಿರಿಯರು ಕೇಳುವ ಮೊದಲ ಪ್ರಶ್ನೆ ಒಂದೇ: “ನಿಮ್ಮದು ಯಾವೂರಾಯಿತು?” ನೀವು ಡೊಂಬಿವಲಿ ಎಂದರೆ ಅವರಿಗೆ ಸಮಾಧಾನವಿಲ್ಲ. “ಅದಲ್ಲಪ್ಪಾ, ಮೂಲ ಊರು?” ಎಂದು ಮತ್ತೆ ಕೇಳುತ್ತಾರೆ. ನೀವು ತಂದೆಯ ಮುಖ ನೋಡುತ್ತೀರಿ. ಅವರು ಒಂದು ಹೆಸರು ಹೇಳುತ್ತಾರೆ. ಆ ಹೆಸರು ನಿಮಗೂ ಗೊತ್ತು. ಆದರೆ ಅದು ಭೂಮಿಯ ಮೇಲೆ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ನಿಮ್ಮಲ್ಲಿ ಎಷ್ಟು ಮಂದಿಗೆ ಸಾಧ್ಯ? ಇದು ನಿಮ್ಮ ಮೇಲಿನ ಆಕ್ಷೇಪಣೆಯಲ್ಲ. ಇಡೀ ಭೂಗೋಳವೇ ಇಂದು ನಿಮ್ಮ ಜೇಬಿನಲ್ಲಿದೆ. ಅದರ ಮೇಲೆ ಆ ಹೆಸರನ್ನು ಬರೆಯುವ ಕೆಲಸ ನಿಮ್ಮಿಂದಲೇ ಆಗಬೇಕಾಗಿದೆ ಎಂದು ಹೇಳುವುದಕ್ಕಾಗಿ ಈ ನಾಲ್ಕು ಮಾತು.

ಗಣಕಯಂತ್ರದ ಪರದೆಯ ಮೇಲೆ ಬೇಕಾದ ಹಾಗೆ ತಿರುಗಿಸಿ ನೋಡಬಹುದಾದ ಭೂಗೋಳ ಬಹಳ ಹಳೆಯದೇನೂ ಅಲ್ಲ. 2001ರಲ್ಲಿ ಅಮೆರಿಕದಲ್ಲಿ ಆರಂಭವಾದ ಕೀಹೋಲ್ ಎಂಬ ಸಣ್ಣ ಕಂಪನಿ ಅಂಥದೊಂದನ್ನು ತಯಾರಿಸಿತು. 2004ರಲ್ಲಿ ಗೂಗಲ್ ಅದನ್ನು ಕೊಂಡುಕೊಂಡು, 2005ರಲ್ಲಿ ಗೂಗಲ್ ಅರ್ಥ್ ಎಂಬ ಹೆಸರಿನಲ್ಲಿ ಜನರ ಮುಂದಿಟ್ಟಿತು. ನಾಸಾ ಸಂಸ್ಥೆಯ ವರ್ಲ್ಡ್ ವಿಂಡ್ 2004ರಲ್ಲಿ ಬಂದರೆ, ನಮ್ಮ ಇಸ್ರೋದ ಭುವನ್ 2009ರಲ್ಲಿ ಬಂತು. ಉಪಗ್ರಹಗಳು ತೆಗೆದ ಚಿತ್ರಗಳನ್ನು ಗೋಳಕ್ಕೆ ಹೊದಿಸಿದಂತೆ ಜೋಡಿಸಿರುವುದರಿಂದ, ನೋಡುವವನು ಆಕಾಶದಿಂದ ಇಳಿದು ತನ್ನ ಅಂಗಳದಲ್ಲೇ ನಿಂತ ಹಾಗೆ ಭಾಸವಾಗುತ್ತದೆ.

ಆದರೆ ಒಂದು ವಿಷಯವನ್ನು ಗಮನಿಸಬೇಕು. ಚಿತ್ರಕ್ಕೆ ಹೆಸರು ಗೊತ್ತಿಲ್ಲ, ಬರಹಕ್ಕೆ ಸ್ಥಳ ಗೊತ್ತಿಲ್ಲ. ನೀವು ಅಜ್ಜನ ಊರಿನ ಬಗ್ಗೆ ಅಂತರಜಾಲದಲ್ಲಿ ಹತ್ತು ಪುಟ ಬರೆದರೂ ಯಂತ್ರದ ಪಾಲಿಗೆ ಅದು ಬರೀ ಅಕ್ಷರ. ಹೊಸಹಳ್ಳಿ ಎಂದರೆ ಯಾವ ಹೊಸಹಳ್ಳಿ? ಕರ್ನಾಟಕದಲ್ಲಿ ಆ ಹೆಸರಿನ ಊರುಗಳಿಗೆ ಬರವೇ? ಬರಹವನ್ನೂ ಗೋಳವನ್ನೂ ಜೋಡಿಸುವುದು ಎರಡೇ ಎರಡು ಸಂಖ್ಯೆಗಳು, ಅಕ್ಷಾಂಶ ಮತ್ತು ರೇಖಾಂಶ. ಪುಟದೊಳಗೆ ಯಂತ್ರ ಓದುವಂತೆ ಅವನ್ನು ಸೇರಿಸಿದರೆ ಹುಡುಕುವ ಯಂತ್ರಗಳೂ ನಕ್ಷೆಯ ತಂತ್ರಾಂಶಗಳೂ ಆ ಬರಹವನ್ನು ಅದರ ನೆಲದ ಮೇಲೆ ನಿಲ್ಲಿಸಬಲ್ಲವು. ವಿಕಿಪೀಡಿಯದಲ್ಲಿ ಊರುಗಳ ಲೇಖನದ ಮೇಲ್ತುದಿಯಲ್ಲಿ ಕಾಣುವ ಸಂಖ್ಯೆಗಳ ಗುಟ್ಟು ಇದೇ.

ಈ ಪದ್ಧತಿಯ ಹಿಂದೆ ಒಂದು ವಿನೋದವೂ ಇದೆ. ಅಂತರಜಾಲದ ಆರಂಭದ ದಿನಗಳಲ್ಲಿ ತಮ್ಮ ಪುಟದಲ್ಲಿ ಅಕ್ಷಾಂಶ ರೇಖಾಂಶ ಬರೆಯುತ್ತಿದ್ದವರು ಆ ಸಾಲಿಗೆ ‘ಐಸಿಬಿಎಂ’ ಎಂದು ಹೆಸರಿಟ್ಟಿದ್ದರು. ಅಂದರೆ ಖಂಡಾಂತರ ಕ್ಷಿಪಣಿ! ನಿಮ್ಮ ಮೇಲೆ ಕ್ಷಿಪಣಿ ಬಿಡುವವನಿಗೆ ಬೇಕಾದ ವಿಳಾಸ ಇದು ಎಂಬ ತಮಾಷೆ. ಕ್ಷಿಪಣಿಗೆ ದಾರಿ ತೋರುವ ಸಂಖ್ಯೆಗಳೇ ಮೊಮ್ಮಗನಿಗೆ ಅಜ್ಜನ ಊರಿನ ದಾರಿಯನ್ನೂ ತೋರುತ್ತವೆ. ಬಳಸುವವರ ಮನಸ್ಸಿನಂತೆ ಸಾಧನ.

ಗೋಳದ ತಂತ್ರಾಂಶಗಳಿಗಾಗಿಯೇ ಕೆಎಂಎಲ್ ಎಂಬ ಬರವಣಿಗೆಯ ಕ್ರಮವಿದೆ. ಅದರಲ್ಲಿನ ಮೊದಲ ಅಕ್ಷರ ಆ ಕೀಹೋಲ್ ಕಂಪನಿಯ ನೆನಪು. 2008ರಲ್ಲಿ ಅದಕ್ಕೆ ಅಂತಾರಾಷ್ಟ್ರೀಯ ಮಾನಕದ ಮನ್ನಣೆ ದೊರೆಯಿತು. ಸ್ಥಳದ ಹೆಸರು, ನಾಲ್ಕು ಸಾಲಿನ ವಿವರಣೆ, ಸಂಖ್ಯೆಗಳು ಇಷ್ಟಿದ್ದರೆ ಒಂದು ಗುರುತು ಸಿದ್ಧ. ಹೆಸರನ್ನು ಕನ್ನಡದಲ್ಲೇ ಬರೆಯಬಹುದು. ಒಂದೇ ಎಚ್ಚರಿಕೆ: ನಾವು ಮಾತಿನಲ್ಲಿ ಅಕ್ಷಾಂಶವನ್ನು ಮೊದಲು ಹೇಳುತ್ತೇವೆ, ಕೆಎಂಎಲ್ ಕೇಳುವುದು ರೇಖಾಂಶವನ್ನು ಮೊದಲು. ಬೆಂಗಳೂರಿನ ಅಕ್ಷಾಂಶ ಸುಮಾರು 12.97, ರೇಖಾಂಶ 77.59. ಇವು ಅದಲು ಬದಲಾದರೆ ನಮ್ಮ ರಾಜಧಾನಿ ನಾರ್ವೆಗೂ ಉತ್ತರದಲ್ಲಿರುವ ಸ್ವಾಲ್‌ಬಾರ್ಡ್ ದ್ವೀಪಗಳ ಪಕ್ಕದ ಹಿಮಸಮುದ್ರದಲ್ಲಿ ಮುಳುಗಿಹೋಗುತ್ತದೆ!

ಬೆಂಗಳೂರು ಹಾಗೆ ತಮಾಷೆಗೆ ಮುಳುಗಬಹುದು. ನಿಜವಾಗಿ ಮುಳುಗಿದ ಊರುಗಳ ಮಾತೇನು?

ನನ್ನ ತಾಯಿಯ ತವರು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಒಂದು ಹಳ್ಳಿ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಪೂರ್ತಿಯಾದಾಗ ಅದು ನೀರಿನ ಪಾಲಾಯಿತು. ಹಳ್ಳಿಗಳು ಮಾತ್ರವಲ್ಲ, ಅದಕ್ಕೂ ಹಿಂದೆ ಅದೇ ಹೊಳೆಗೆ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿತು. ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಅದು ಇಂದಿಗೂ ತಲೆ ಎತ್ತುತ್ತದೆ. ನಾಡಿನ ಮನೆಗಳಿಗೆ ದೀಪ ಬಂತು, ಆ ಹಳ್ಳಿಗಳ ದೀಪ ಆರಿತು.

ಎಂಬತ್ತಾರು ವರ್ಷದ ನನ್ನ ಸೋದರಮಾವ ಈಗ ಮಗನ ಮನೆಯಲ್ಲಿ ಇಲ್ಲೇ ಇದ್ದಾರೆ. ಊರು ಬಿಟ್ಟಾಗ ಅವರಿಗೆ ಇಪ್ಪತ್ತೈದರ ಪ್ರಾಯ. ಹೋದ ವರ್ಷ ಒಂದು ಭಾನುವಾರ ಅವರನ್ನು ಗಣಕದ ಮುಂದೆ ಕೂರಿಸಿ ಗೋಳವನ್ನು ತಿರುಗಿಸಿ ಸಾಗರದ ಪಶ್ಚಿಮಕ್ಕೆ ಇಳಿಸಿದೆ. ಪರದೆಯ ತುಂಬ ನೀರು. ಮಾವ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಇಷ್ಟು ನೀರಾ?” ಎಂದರು.

ನೀರಿನ ಕೆಳಗೆ ಹುಡುಕುವುದು ಹೇಗೆ? ಅಮೆರಿಕದ ಸೇನೆಯ ನಕ್ಷೆ ವಿಭಾಗ 1950ರ ದಶಕದಲ್ಲಿ ಭಾರತದ ನಕ್ಷೆಗಳನ್ನು 1:2,50,000 ಪ್ರಮಾಣದಲ್ಲಿ ತಯಾರಿಸಿತ್ತು. ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಅವನ್ನು ಅಂತರಜಾಲದಲ್ಲಿ ಎಲ್ಲರಿಗೂ ಸಿಗುವಂತೆ ಇಟ್ಟಿದೆ. ಅವು ಅಣೆಕಟ್ಟಿಗೂ ಹಿಂದಿನವು. ಅಂಥ ಹಾಳೆಯೊಂದನ್ನು ಗೋಳದ ಮೇಲೆ ತೆಳುಬಟ್ಟೆಯಂತೆ ಹಾಸಿ, ಬದಲಾಗದೆ ಉಳಿದ ಗುಡ್ಡಗಳಿಗೂ ಘಟ್ಟದ ಅಂಚಿಗೂ ಸರಿಹೊಂದಿಸಿದೆವು. ನೀರಿನ ಮೇಲೆ ಹೊಳೆಯ ಹಳೆಯ ಗೆರೆ ಮೂಡಿತು, ಅದರ ಎರಡೂ ದಡದಲ್ಲಿ ಊರುಗಳ ಹೆಸರು. ಇಂಗ್ಲಿಷಿನಲ್ಲಿ ಅಂಗವಿಕಲವಾಗಿದ್ದ ಒಂದು ಹೆಸರನ್ನು ನಾನು ಓದಿದಾಗ ಮಾವ ನಕ್ಕುಬಿಟ್ಟರು. “ಅದು ಹಾಗಲ್ಲ ಮಾರಾಯ” ಎಂದು ನೆಟ್ಟಗೆ ಹೇಳಿಕೊಟ್ಟರು. ಬಳಿಕ ಪರದೆಗೆ ಬೆರಳು ಮುಟ್ಟಿಸಿ, “ಇಲ್ಲಿ ಹೊಳೆ ತಿರುಗ್ತದೆ ನೋಡು. ಈ ತಿರುವಿನಿಂದ ನಮ್ಮ ಮನೆ ಒಂದು ಕೂಗಳತೆ, ಅಷ್ಟೇ” ಎಂದರು.

ಕೂಗಳತೆ! ಒಬ್ಬ ಕೂಗಿದರೆ ಇನ್ನೊಬ್ಬನಿಗೆ ಕೇಳಿಸುವಷ್ಟು ದೂರ. ಇದನ್ನು ಸಂಖ್ಯೆಗೆ ಇಳಿಸುವುದೆಂತು? ಇಲ್ಲಿ ನೀವು ಕಲಿಯಬೇಕಾದ ಲೆಕ್ಕವೊಂದಿದೆ. ಅಕ್ಷಾಂಶದ ಒಂದು ಡಿಗ್ರಿ ಎಂದರೆ ಸುಮಾರು 111 ಕಿಲೋಮೀಟರ್. ದಶಮಾಂಶದ ನಂತರ ಎರಡು ಅಂಕಿ ಬರೆದರೆ ಸುಮಾರು ಒಂದು ಕಿಲೋಮೀಟರಿನ, ಮೂರು ಬರೆದರೆ ನೂರಹತ್ತು ಮೀಟರಿನ, ಐದು ಬರೆದರೆ ಒಂದು ಮೀಟರಿನ ನಿಖರತೆ. ನಾವು ಬಳಸಿದ ನಕ್ಷೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ 250 ಮೀಟರ್. ಹಳೆಯ ನಕ್ಷೆಗಳು ಭೂಮಿಯ ಆಕಾರವನ್ನು ಅಳೆದ ಕ್ರಮವೂ ಇಂದಿನ ಜಿಪಿಎಸ್ ಕ್ರಮವೂ ಬೇರೆಯಾದ್ದರಿಂದ ಸ್ಥಳಗಳು ಸ್ವಲ್ಪ ಸರಿದಿರುವುದೂ ಉಂಟು. ಹೀಗಿರುವಾಗ ಆರು ಅಂಕಿ ಬರೆದರೆ ಅದು ಜಾಣತನವಲ್ಲ, ಸುಳ್ಳು. ಎರಡೇ ಅಂಕಿ ಬರೆದು, ಪಕ್ಕದಲ್ಲಿ ‘ಹೊಳೆಯ ತಿರುವಿನಿಂದ ಒಂದು ಕೂಗಳತೆ’ ಎಂದು ಮಾವನ ಮಾತನ್ನೇ ಸೇರಿಸಿದೆವು. ಮನೆ, ಅಡಿಕೆ ತೋಟ, ದೋಣಿ ಕಟ್ಟುತ್ತಿದ್ದ ಜಾಗ ಎಲ್ಲವನ್ನೂ ಅವರು ಹೇಳಿದ ಹಾಗೆ ಬರೆದುಕೊಂಡು ಒಂದು ಪುಟ ಮಾಡಿದೆವು. ಈಗ ಆ ಗುರುತನ್ನು ಒತ್ತಿದರೆ ಗೋಳ ತಿರುಗಿ ಬಂದು ನೀರಿನ ಮೇಲೆ ನಿಲ್ಲುತ್ತದೆ. ಬರಿಯ ನೀರಲ್ಲ ಅದು, ಹೆಸರಿರುವ ನೀರು.

ನಮ್ಮದು ಮಲೆನಾಡಲ್ಲ, ನಮಗೇನು ಎನ್ನಬೇಡಿ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಓಣಿಗಳು ಹೋದವು. ಇಷ್ಟೇಕೆ, ಈ ಮುಂಬಯಿಯಲ್ಲೇ ಹುಡುಕಿ. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು ಸಂಜೆ ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತು ಮೇಲೆ ಬಂದ ಹಿರಿಯರು ನಮ್ಮ ನಡುವೆ ಇದ್ದಾರೆ. ಕೋಟೆ ವಿಭಾಗದ ಯಾವ ಗಲ್ಲಿಯ ಯಾವ ಕಟ್ಟಡದಲ್ಲಿ, ಎಷ್ಟನೆಯ ಮಾಳಿಗೆಯಲ್ಲಿ ತಮ್ಮ ಶಾಲೆ ನಡೆಯುತ್ತಿತ್ತು ಎಂದು ಅವರು ಕಣ್ಣು ಮುಚ್ಚಿ ಹೇಳಬಲ್ಲರು. ಅಲ್ಲಿ ನೀರು ಬಂದಿಲ್ಲ, ಆದರೆ ಫಲಕ ಇಳಿದಿದೆ. ಕೇಳಿ ಗುರುತು ಹಾಕದಿದ್ದರೆ ಅದೂ ಮುಳುಗಿದ ಊರೇ.

ಕೆಲಸಕ್ಕೆ ತೊಡಗುವವರಿಗೆ ಒಂದೆರಡು ಸೂಚನೆ. 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸಾರ್ವಜನಿಕ ನಕ್ಷೆಯಲ್ಲಿ, ಈಗಲೂ ನೆಲದ ಮೇಲಿರುವ ಊರುಗಳ ಹೆಸರನ್ನು ಕನ್ನಡದಲ್ಲಿ ಸೇರಿಸಲು ಬೇರೆ ಸ್ಥಾನವೇ ಇದೆ. ಎಷ್ಟೋ ಹಳ್ಳಿಗಳಿಗೆ ಆ ಜಾಗ ಇನ್ನೂ ಖಾಲಿ. ಇಲ್ಲದೆ ಹೋದ ಊರು, ಶಾಲೆಗಳಿಗೆ ನಿಮ್ಮದೇ ಪುಟ ಮತ್ತು ಕೆಎಂಎಲ್ ಕಡತ ತಕ್ಕದ್ದು. ಸಂಖ್ಯೆ ಎಲ್ಲಿಂದ ಬಂತು, ಯಾರು ಹೇಳಿದ್ದು ಎಂಬುದನ್ನು ಹೇಳಿದವರ ಒಪ್ಪಿಗೆ ಪಡೆದು ಬರೆದಿಡಿ. ಈಗ ಜನ ವಾಸವಾಗಿರುವ ಮನೆಗಳ ನಿಖರ ಸ್ಥಳವನ್ನು ಮಾತ್ರ ಊರಿಗೆಲ್ಲ ಸಾರಬೇಡಿ. ಮೊಬೈಲಿನಲ್ಲಿ ತೆಗೆದ ಚಿತ್ರದೊಳಗೆ ಸ್ಥಳದ ಸಂಖ್ಯೆ ತಾನಾಗಿ ಸೇರಿಕೊಂಡಿರಬಹುದು, ಅದನ್ನೂ ನೋಡಿಕೊಳ್ಳಿ.

ಯಂತ್ರದ ವಿದ್ಯೆ ನಿಮಗೆ ಒಂದು ವಾರದಲ್ಲಿ ಬರುತ್ತದೆ, ಅದಕ್ಕೆ ಅವಸರವಿಲ್ಲ. ಅವಸರವಿರುವುದು ಇನ್ನೊಂದಕ್ಕೆ. ಹೊಳೆ ಎಲ್ಲಿ ತಿರುಗುತ್ತಿತ್ತು, ಹೆಸರನ್ನು ಹೇಗೆ ಉಚ್ಚರಿಸಬೇಕು ಎಂದು ಹೇಳಬಲ್ಲ ಅಜ್ಜ ಅಜ್ಜಿಯರು ಮನೆಯ ಒಳಕೋಣೆಯಲ್ಲಿ ಇದ್ದಾರೆ. ಅವರ ಭಾಷೆ ನಿಮಗೆ ತೊಡರಿದರೂ ಚಿಂತೆಯಿಲ್ಲ. ಗೋಳವನ್ನು ಅವರ ಮುಂದಿಟ್ಟು ಸುಮ್ಮನೆ ಕುಳಿತರೆ ಮಾತು ತಾನಾಗಿ ಹೊರಡುತ್ತದೆ. ಈ ಭಾನುವಾರ ಬಿಡುವು ಮಾಡಿಕೊಳ್ಳಿ.