ನೂರಾ ಹನ್ನೆರಡು ಜನರ ಊರಿನಲ್ಲಿ ಒಂದು ‘ತೋಪು’ ಕಥೆಯ ಜಾಡು!

ತೆರೆಯ ಮೇಲೆ ಕಂಡ ಊರನ್ನು ಕಣ್ಣಾರೆ ನೋಡಬೇಕೆಂಬ ಹುಚ್ಚು ಚಿತ್ರರಸಿಕರಿಗೆ ಹೊಸದೇನಲ್ಲ. ‘ನಾಗರಹಾವು’ ನೋಡಿದವರು ಚಿತ್ರದುರ್ಗದ ಕೋಟೆ ಹತ್ತಿದರು. ‘ಮಾಲ್ಗುಡಿ ಡೇಸ್’ ನೋಡಿದವರು ಆಗುಂಬೆಯ ಬಸ್ಸು ಹತ್ತಿದರು. ಅವರೆಲ್ಲ ಮೆಚ್ಚಿ ಹೋದವರು. ಮೆಚ್ಚದೆ, ಬೈದು, ಬೈದದ್ದು ಸಾಲದೆ ಕಥೆಯ ಊರನ್ನೇ ಹುಡುಕಿಕೊಂಡು ಹೋದವರು ಯಾರಾದರೂ ಇದ್ದಾರೆಯೇ? ಇದ್ದಾನೆ ಸ್ವಾಮಿ, ನಾನೇ!

ಊರಿನ ಹೆಸರು ವರ್ನನ್. ಅಮೆರಿಕದ ಲಾಸ್ ಏಂಜಲೀಸ್ ಪೇಟೆಯಿಂದ ದಕ್ಷಿಣಕ್ಕೆ ಐದು ಮೈಲಿ. ಹಾಲಿವುಡ್ಡಿಗೆ ಹೋದವನು ಸ್ಟುಡಿಯೋ ನೋಡದೆ ಈ ಊರಿಗೇಕೆ ಹೋದ ಅಂತೀರಾ? ಹೇಳುತ್ತೇನೆ, ಕೇಳಿ.

ಮೊದಲ ಆಟ ಹೌಸ್‌ಫುಲ್

2014. ದಾವಣಗೆರೆಯಲ್ಲಿ ನಾನು ಮತ್ತು ನನ್ನ ಗೆಳೆಯ ಒಂದೇ ಬಾಡಿಗೆ ರೂಮಿನಲ್ಲಿದ್ದ ಕಾಲ. ಎಲ್ಲಿಂದಲೋ ಒಂದು ಪೆನ್‌ಡ್ರೈವ್ ಬಂತು. ಅದರೊಳಗೆ ಎಚ್‌ಬಿಒ ಕಂಪನಿಯ ಪತ್ತೇದಾರಿ ಧಾರಾವಾಹಿ ‘ಟ್ರೂ ಡಿಟೆಕ್ಟಿವ್’, ಎಂಟು ಕಂತು. ಮಂಡಕ್ಕಿ-ಮಿರ್ಚಿ ಪೊಟ್ಟಣ ಬಿಚ್ಚಿಕೊಂಡು ಕೂತೆವು. ಒಂದು ಕಂತು ನೋಡಿ ಮಲಗೋಣ ಎಂದುಕೊಂಡವರು ಎದ್ದಾಗ ಬೆಳಗಾಗಿತ್ತು!

ಲೂಸಿಯಾನಾದ ಜವುಳು ನೆಲ, ಹದಿನೇಳು ವರ್ಷ ಹಿಂದಿನ ಒಂದು ಕೊಲೆ, ಇಬ್ಬರು ಪೊಲೀಸರು. ಮ್ಯಾಥ್ಯೂ ಮೆಕಾನಹೇ ಮತ್ತು ವುಡಿ ಹ್ಯಾರೆಲ್ಸನ್. ಒಬ್ಬ ಮಾತಾಡಿದರೆ ಮೈ ಜುಮ್ಮೆನ್ನುತ್ತದೆ, ಇನ್ನೊಬ್ಬ ಸುಮ್ಮನಿದ್ದರೂ ನಗು ಬರುತ್ತದೆ. ಬರೆದವನು ನಿಕ್ ಪಿಝೊಲಾಟೊ. ಎಂಟೂ ಕಂತು ನಿರ್ದೇಶಿಸಿದವನು ಕ್ಯಾರಿ ಫುಕುನಾಗಾ ಒಬ್ಬನೇ. ನಾಲ್ಕನೇ ಕಂತಿನ ಕೊನೆಗೆ ಆರು ನಿಮಿಷದ ಒಂದೇ ಶಾಟ್ ಇದೆ. ಕಟ್ ಇಲ್ಲ! ಅದನ್ನು ನಾವು ನಾಲ್ಕು ಸಲ ಹಿಂದಕ್ಕೆ ಓಡಿಸಿ ನೋಡಿದೆವು.

ಆ ವರ್ಷವೇ ಗೆಳೆಯ ಕೆಲಸ ಸಿಕ್ಕಿ ಅಮೆರಿಕಕ್ಕೆ ಹಾರಿದ. ಹೋಗುವಾಗ ಬಸ್ ಸ್ಟ್ಯಾಂಡಿನಲ್ಲಿ ಹೇಳಿದ ಮಾತು: “ಎರಡನೇ ಸೀಸನ್ ಬಂದಾಗ ನೀನಲ್ಲಿ, ನಾನಿಲ್ಲಿ. ಆದ್ರೂ ಒಟ್ಟಿಗೇ ನೋಡೋಣ್ಲೇ.”

ಎರಡನೇ ಆಟಕ್ಕೆ ಎದ್ದು ಹೋದವರು

ಬಂತು, 2015ರ ಜೂನ್ 21ಕ್ಕೆ. ಆದರೆ ನಮ್ಮ ಇಬ್ಬರೂ ಪೊಲೀಸರಿಲ್ಲ! ಪ್ರತಿ ಸೀಸನ್ನಿಗೂ ಹೊಸ ಕಥೆ, ಹೊಸ ನಟರು, ಹೊಸ ಊರು. ಅದೇ ಇದರ ಕರಾರು. ಗೊತ್ತಿದ್ದರೂ ಮನಸ್ಸು ಒಪ್ಪಬೇಕಲ್ಲ? ಕಾಲಿನ್ ಫ್ಯಾರೆಲ್, ರೇಚಲ್ ಮೆಕ್‌ಆಡಮ್ಸ್, ಟೇಲರ್ ಕಿಚ್ ಪೊಲೀಸರಾದರು. ಹಾಸ್ಯಕ್ಕೆ ಹೆಸರಾದ ವಿನ್ಸ್ ವಾನ್ ಗೂಂಡಾ ಆದ. ನಿರ್ದೇಶಕ ಒಬ್ಬನಲ್ಲ, ಹಲವರು. ‘ವಿನ್ಸಿ’ ಎಂಬ ಕಾರ್ಖಾನೆ ಊರಿನ ಆಡಳಿತಾಧಿಕಾರಿಯ ಕೊಲೆ, ಅದರ ಹಿಂದೆ ಹೈಸ್ಪೀಡ್ ರೈಲಿನ ಜಮೀನು ವ್ಯವಹಾರ, ಅದರ ಹಿಂದೆ ವಜ್ರ, ವಜ್ರದ ಹಿಂದೆ ಹಳೆಯ ದರೋಡೆ... ಐದನೇ ಕಂತಿಗೆ ಬರುವಷ್ಟರಲ್ಲಿ ಯಾರು ಯಾರಿಗೆ ಏನಾಗಬೇಕು ಅಂತ ಕಾಗದದ ಮೇಲೆ ಬರೆದುಕೊಂಡೆ, ನಿಮ್ಮಾಣೆ!

ಎರಡನೇ ಕಂತಿನ ಕೊನೆಯಲ್ಲಿ ಹಕ್ಕಿ ಮುಖವಾಡದವನು ಫ್ಯಾರೆಲ್‌ಗೆ ಬಂದೂಕು ಹಾರಿಸುತ್ತಾನೆ. “ಹೀರೋನೇ ಹೋದ!” ಅಂತ ಹಾರಿಬಿದ್ದೆವು. ಮೂರನೇ ಕಂತಿನಲ್ಲಿ ಎದ್ದು ಕೂತ. ಸಾಯುವ ಗುಂಡಲ್ಲವಂತೆ! ಅಲ್ಲಿಗೆ ನಂಬಿಕೆ ಅರ್ಧ ಹೋಯಿತು.

ಲೆಕ್ಕವೂ ಅದನ್ನೇ ಹೇಳುತ್ತದೆ. ಮೊದಲ ಸೀಸನ್ನಿನ ಮೊದಲ ರಾತ್ರಿ ಅಮೆರಿಕದಲ್ಲಿ ನೋಡಿದವರು ಸುಮಾರು 23 ಲಕ್ಷ, ಕೊನೆಯ ರಾತ್ರಿ 35 ಲಕ್ಷ. ಬಾಯಿಂದ ಬಾಯಿಗೆ ಹಬ್ಬಿ ಏರಿದ ಜನ. ಎರಡನೆಯದಕ್ಕೆ ಮೊದಲ ರಾತ್ರಿಯೇ 32 ಲಕ್ಷ, ಕೊನೆಗೆ ಉಳಿದದ್ದು 27 ಲಕ್ಷ. ಇಂಟರ್‌ವಲ್‌ನಲ್ಲಿ ಎದ್ದು ಹೋದ ಗಾಂಧಿಕ್ಲಾಸಿನವರ ಹಾಗೆ!

ಆಗಸ್ಟ್‌ನಲ್ಲಿ ಕೊನೆಯ ಕಂತು ಮುಗಿದ ಮೇಲೆ ಗೆಳೆಯನ ಫೋನು. “ಎಂಟು ವಾರ ಹಾಳು ಮಾಡಿದೆಯಲ್ಲೋ! ಮೂರನೇ ವಾರಕ್ಕೇ ಬಿಡೋಣ ಅಂದೆ. ನೀನೇ ನೋಡು ನೋಡು ಅಂದೆ.” ನಾನೂ ಬಿಡಲಿಲ್ಲ. “ನಿನಗೆ ಅರ್ಥ ಆಗ್ಲಿಲ್ಲ ಅಂದ್ರೆ ನಾನೇನ್ ಮಾಡ್ಲಿ?” ಅಂದೆ. ನಿಜ ಹೇಳಬೇಕೆಂದರೆ ನನಗೂ ಅರ್ಥವಾಗಿರಲಿಲ್ಲ. ಫೋನು ಇಟ್ಟ. ಆಮೇಲೆ ಅವನ ಫೋನು ಅಪರೂಪವಾಯಿತು.

ಊರೋ, ಕಾರ್ಖಾನೆಯೋ?

2016ರಲ್ಲಿ ಕಂಪನಿ ಕೆಲಸದ ಮೇಲೆ ಮೂರು ವಾರ ಲಾಸ್ ಏಂಜಲೀಸ್ ಯೋಗ ಬಂತು. ಗೆಳೆಯ ಅಲ್ಲೇ ಇದ್ದ. ವಿಮಾನ ನಿಲ್ದಾಣಕ್ಕೆ ಬಂದ, ಕೈ ಕುಲುಕಿದ, ಊರಿನ ಮಳೆ-ಬೆಳೆ ವಿಚಾರಿಸಿದ. ಅಷ್ಟೇ. ಒಂದೇ ತಟ್ಟೆಯಲ್ಲಿ ಮಂಡಕ್ಕಿ ತಿಂದವರು ಕಾರಿನಲ್ಲಿ ಅಪರಿಚಿತರಂತೆ ಕೂತಿದ್ದೆವು.

ಭಾನುವಾರ ಎಲ್ಲಿಗೆ ಹೋಗೋಣ ಎಂದ. “ವಿನ್ಸಿಗೆ” ಎಂದೆ. ತಿರುಗಿ ನೋಡಿದ. ವಿನ್ಸಿ ಕಲ್ಪನೆಯ ಊರು, ಆದರೆ ಅದಕ್ಕೆ ಮಾದರಿಯಾದದ್ದು ಈ ವರ್ನನ್. “ಬೈದ ಪಿಚ್ಚರ್‌ನ ಊರಿಗೆ ಪೆಟ್ರೋಲು ಸುಡಬೇಕಾ?” ಅಂದ. ಆದರೂ ಕಾರು ತೆಗೆದ.

ಸಾಂಟಾ ಫೆ ಅವೆನ್ಯೂಗೆ ತಿರುಗಿದಾಗ ಗೊತ್ತಾಯಿತು, ಇದು ಬೇರೆ ಲೋಕ. ಮನೆಯಿಲ್ಲ, ಅಂಗಡಿ ಸಾಲಿಲ್ಲ, ಆಡುವ ಮಕ್ಕಳಿಲ್ಲ. ಕಿಟಕಿಯಿಲ್ಲದ ಗೋದಾಮುಗಳು, ಶೀತಲಗೃಹಗಳು, ರಸ್ತೆಯನ್ನೇ ಸೀಳಿ ಹೋಗುವ ರೈಲು ಹಳಿ, ಸಾಲುಗಟ್ಟಿ ನಿಂತ ಲಾರಿಗಳು. 1905ರಲ್ಲಿ ಊರು ಕಟ್ಟಿದವರು ಇಟ್ಟ ಧ್ಯೇಯವಾಕ್ಯವೇ ‘ಕೇವಲ ಕೈಗಾರಿಕೆಗೆ’! ಐದು ಚದರ ಮೈಲಿಯ ಊರಿಗೆ ದಿನಾ ಕೆಲಸಕ್ಕೆ ಬಂದು ಹೋಗುವವರು ಸುಮಾರು 50 ಸಾವಿರ. ರಾತ್ರಿ ಮಲಗುವವರು? 2010ರ ಜನಗಣತಿಯಂತೆ 112! ನಮ್ಮ ಕಡೆ ಒಂದು ಮದುವೆ ಬಸ್ಸಿಗೆ ಇದಕ್ಕಿಂತ ಹೆಚ್ಚು ಜನ ಹತ್ತುತ್ತಾರೆ.

ಒಂದು ತಿರುವಿನಲ್ಲಿ ಉದ್ದನೆಯ ಗೋಡೆ. ಅದರ ತುಂಬ ಹಸಿರು ಹೊಲ, ನೀಲಿ ಆಕಾಶ, ನಗುನಗುತ್ತಾ ಆಡುವ ಹಂದಿಮರಿಗಳು! ಮಕ್ಕಳ ಶಾಲೆ ಇರಬೇಕೆಂದುಕೊಂಡೆ. “ಕಸಾಯಿಖಾನೆ ಅದು” ಎಂದ ಗೆಳೆಯ. ಫಾರ್ಮರ್ ಜಾನ್ ಎಂಬ ಮಾಂಸದ ಕಂಪನಿ. ಹಾಲಿವುಡ್ಡಿಗೆ ಸೆಟ್ ಚಿತ್ರ ಬರೆಯುತ್ತಿದ್ದ ಲೆಸ್ ಗ್ರೈಮ್ಸ್ ಎಂಬ ಕಲಾವಿದ 1957ರಲ್ಲಿ ಈ ಗೋಡೆಗೆ ಕುಂಚ ಹಚ್ಚಿದ. 1968ರಲ್ಲಿ ಬರೆಯುತ್ತಿದ್ದಾಗಲೇ ಅಟ್ಟಣಿಗೆಯಿಂದ ಬಿದ್ದು ತೀರಿಕೊಂಡ. (ಆ ಕಾರ್ಖಾನೆ 2023ರಲ್ಲಿ ಮುಚ್ಚಿತು.) ಹೊರಗೆ ನಗುವ ಹಂದಿಮರಿ, ಒಳಗೆ ಕತ್ತಿ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಕಥೆಗಿಂತ ದೊಡ್ಡ ಕಥೆ

ನಗರಸಭೆ ಕಟ್ಟಡದ ಮುಂದೆ ಕಾರು ನಿಲ್ಲಿಸಿದೆವು. ಭಾನುವಾರ, ನರಪಿಳ್ಳೆ ಇಲ್ಲ. ಓದಿಕೊಂಡು ಹೋಗಿದ್ದ ವರ್ನನ್ ಪುರಾಣವನ್ನು ಅಲ್ಲಿ ಬಿಚ್ಚಿದೆ.

ಊರು ಕಟ್ಟಿದವರಲ್ಲೊಬ್ಬ ಜಾನ್ ಲಿಯೋನಿಸ್. ಅವನ ಮೊಮ್ಮಗ ಲಿಯೋನಿಸ್ ಮಾಲ್‌ಬರ್ಗ್ ದಶಕಗಟ್ಟಲೆ ಇಲ್ಲಿಯ ಮೇಯರ್. ಇದ್ದ ಬೆರಳೆಣಿಕೆಯ ಮನೆಗಳಲ್ಲಿ ಹೆಚ್ಚಿನವು ನಗರಸಭೆಯವೇ, ಬಾಡಿಗೆಗೆ ಇದ್ದವರು ನಗರಸಭೆಯ ನೌಕರರೇ. ಅಂದರೆ ಮತ ಹಾಕುವವನ ಸಂಬಳವೂ ಸೂರೂ ಗೆದ್ದವರ ಕೈಯಲ್ಲೇ! 2006ರಲ್ಲಿ ಹೊರಗಿನಿಂದ ಕೆಲವರು ಬಂದು ನೆಲೆಸಿ ಚುನಾವಣೆಗೆ ನಿಂತರು. ಅವರನ್ನು ಎಬ್ಬಿಸಿ ಕಳಿಸಲು ನಗರಸಭೆ ಹೊರಟಿತು, ವಿಷಯ ಕೋರ್ಟಿಗೆ ಹೋಯಿತು. ಕಾಲು ಶತಮಾನದಲ್ಲಿ ಊರು ಕಂಡ ಮೊದಲ ಪೈಪೋಟಿ ಅದು. 2009ರಲ್ಲಿ ಮಾಲ್‌ಬರ್ಗ್ ಅಪರಾಧಿ ಎಂದು ತೀರ್ಪಾಯಿತು. ಮೇಯರ್ ಸಾಹೇಬರು ನಿಜಕ್ಕೂ ವಾಸವಿದ್ದದ್ದು ವರ್ನನ್ನಿನಲ್ಲೇ ಅಲ್ಲ, ಲಾಸ್ ಏಂಜಲೀಸಿನ ಶ್ರೀಮಂತರ ಬಡಾವಣೆಯಲ್ಲಿ! 2011ರಲ್ಲಿ ಊರನ್ನೇ ವಿಸರ್ಜಿಸುವ ಮಸೂದೆ ಬಂತು. ರಾಜ್ಯದ ಸೆನೆಟ್ ಒಪ್ಪಲಿಲ್ಲ, ಊರು ಉಳಿಯಿತು.

ಧಾರಾವಾಹಿಯಲ್ಲೂ ವಿನ್ಸಿಯ ಮೇಯರ್ ಇರುವುದು ಹೊರಗಿನ ಬಂಗಲೆಯಲ್ಲಿ. ಕೊನೆಗೆ ಅವನ ಮಗನೇ ಮೇಯರ್ ಆಗುತ್ತಾನೆ. ಪ್ರಾಮಾಣಿಕವಾಗಿ ಹೊರಟವರು ಕಾಡಿನಲ್ಲೊಬ್ಬ, ಸುರಂಗದ ಬಾಯಲ್ಲೊಬ್ಬ ಸಾಯುತ್ತಾರೆ. ರೈಲಿನ ಸಮಾರಂಭ ಮಾತ್ರ ಸಾಂಗವಾಗಿ ನಡೆಯುತ್ತದೆ. ಮೊದಲ ಸೀಸನ್ನಿನಲ್ಲಿ ಹಿಡಿಯಲು ಒಬ್ಬ ರಾಕ್ಷಸನಿದ್ದ. ಇಲ್ಲಿ ರಾಕ್ಷಸ ಇರುವುದು ಲೆಕ್ಕದ ಪುಸ್ತಕದಲ್ಲಿ. ಅದಕ್ಕೆ ಬೇಡಿ ಹಾಕುವವರು ಯಾರು? “ಇದನ್ನೇ ಕಣೋ ಅವರು ಹೇಳೋಕೆ ಹೊರಟದ್ದು!” ಎಂದೆ ಉತ್ಸಾಹದಲ್ಲಿ.

ಗೆಳೆಯ ಕಾರಿಗೆ ಒರಗಿಕೊಂಡು ಕೇಳುತ್ತಿದ್ದ. ಆಮೇಲೆ ಹೇಳಿದ ಮಾತು ಇವತ್ತಿಗೂ ಮರೆತಿಲ್ಲ. “ಹತ್ತು ನಿಮಿಷದಲ್ಲಿ ನೀನು ಹೇಳ್ದೆ, ನನಗೆ ತಿಳೀತು. ಆ ಗೋಡೆ ಒಂದೇ ನೋಟಕ್ಕೆ ಹೇಳ್ತು. ಎಂಟು ಕಂತು ಇಟ್ಕೊಂಡು ಅವರು ಯಾಕಲೇ ಹೇಳ್ಲಿಲ್ಲ?”

ನನ್ನ ಬಳಿ ಉತ್ತರವಿರಲಿಲ್ಲ.

ತಪ್ಪು ಯಾರದು?

ಉತ್ತರ ಎಚ್‌ಬಿಒದವರೇ ಕೊಟ್ಟಿದ್ದರು. ಆಗ ಕಂಪನಿಯ ಕಾರ್ಯಕ್ರಮ ವಿಭಾಗದ ಮುಖ್ಯಸ್ಥನಾಗಿದ್ದ ಮೈಕೆಲ್ ಲೊಂಬಾರ್ಡೊ 2016ರಲ್ಲಿ ತಪ್ಪು ತನ್ನದೇ ಎಂದು ಬಹಿರಂಗವಾಗಿ ಒಪ್ಪಿಕೊಂಡ. ಮೊದಲನೆಯದು ಗೆದ್ದ ಭರಾಟೆಯಲ್ಲಿ, ಬರಹ ಹದಕ್ಕೆ ಬರುವ ಮುಂಚೆ ತಾರೀಖು ಇಟ್ಟು ಅವಸರ ಮಾಡಿದೆ ಎಂದ. ಅಕ್ಕಿ ಬೇಯುವ ಮುಂಚೆ ಎಲೆ ಹಾಕಿದರೆ ಅಡುಗೆ ಭಟ್ಟ ಏನು ಮಾಡಿಯಾನು?

ಹಾಗಾದರೆ ನಮ್ಮದೇನೂ ತಪ್ಪಿಲ್ಲವೇ? ಇದೆ. ನಾವು ಕೂತದ್ದು ಹೊಸ ಕಥೆ ನೋಡಲಿಕ್ಕಲ್ಲ, ದಾವಣಗೆರೆಯ ಆ ರಾತ್ರಿಯನ್ನು ಮತ್ತೊಮ್ಮೆ ನೋಡಲಿಕ್ಕೆ. ಆ ರೂಮು, ಆ ಮಿರ್ಚಿ, ಆ ವಯಸ್ಸು ಯಾವ ಕಂಪನಿ ತಂದುಕೊಟ್ಟೀತು? ಆದರೆ ಇದನ್ನು ಹೇಳಿ ಕಥೆಗಾರನನ್ನು ಬಿಟ್ಟುಬಿಡುವುದೂ ಸರಿಯಲ್ಲ. ಊರಿಗೆ ಹೋಗಿ ನೋಡಿದ ಮೇಲೆ ಕಥೆ ತಿಳಿಯಿತು ಎಂದರೆ ಅದು ಊರಿನ ಗೆಲುವು, ಕಥೆಯದಲ್ಲ.

ವಾಪಸು ಬರುವಾಗ ಲಾಸ್ ಏಂಜಲೀಸ್ ನದಿಯ ಸೇತುವೆ ಸಿಕ್ಕಿತು. ನದಿ ಅಂದರೆ ಕಾಂಕ್ರೀಟ್ ಕಾಲುವೆ, ತಳದಲ್ಲಿ ಒಂದು ಗೀಟು ನೀರು. ಇಳಿದು ನಿಂತೆವು. “ನೀನು ಹೇಳಿದ್ದು ಸರಿ ಕಣೋ. ನನಗೂ ಅವತ್ತು ಅರ್ಥ ಆಗಿರ್ಲಿಲ್ಲ” ಎಂದೆ. ಅವನು ಗೊಳ್ಳೆಂದು ನಕ್ಕ. “ಗೊತ್ತಿತ್ತು ಬಿಡ್ಲೇ! ಅದನ್ನ ಒಪ್ಕೊಳ್ಳೋಕೆ ಒಂದು ವರ್ಷ, ಅಮೆರಿಕದ ಟಿಕೆಟ್ಟು ಬೇಕಾಯ್ತಾ?”

2019ರ ಜನವರಿಯಲ್ಲಿ ಮೂರನೇ ಸೀಸನ್ ಬಂತು. ಮಹರ್ಷಲ ಅಲಿ ನಾಯಕ. ಅವನಲ್ಲಿ, ನಾನಿಲ್ಲಿ. ಫೋನು ಹಿಡಿದುಕೊಂಡೇ ಒಟ್ಟಿಗೆ ನೋಡಿದೆವು. ಮೊದಲನೆಯದರಷ್ಟು ಇತ್ತೇ ಅಂತ ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಅಂದ ಹಾಗೆ, 2020ರ ಜನಗಣತಿಯಲ್ಲಿ ವರ್ನನ್ ಜನಸಂಖ್ಯೆ 222. ಆ ಊರಿನ ಎರಡನೇ ಸೀಸನ್ನಾದರೂ ಚೆನ್ನಾಗಿರಲಿ! ಏನಂತೀರಿ?