ಅಳತೆಯ ಸೈಕಲ್ಲು

ಕಳೆದ ವರ್ಷ ನನಗೆ ಟೈಟಾನಿಯಂ ಸೈಕಲ್ಲಿನ ಹುಚ್ಚು ಹಿಡಿದಿತ್ತು. ಕೊಳ್ಳುವುದಕ್ಕೆ ಹಣ ಬೇಕು. ಹುಚ್ಚು ಹಿಡಿಯುವುದಕ್ಕೆ ಏನೂ ಬೇಡವಷ್ಟೆ! ರಾಯಚೂರಿನ ಬಿಸಿಲಿನಲ್ಲಿ ಕಾಲೇಜಿಗೆ ನಡೆದು ಬರುವಾಗಲೆಲ್ಲ ನಾನು ಮನಸ್ಸಿನಲ್ಲಿ ಅದನ್ನೇರಿಯೇ ಬರುತ್ತಿದ್ದೆ.

ಆ ಲೋಹದ ಗುಣವೇ ಅಂಥದು. ಒಂದು ಘನ ಸೆಂಟಿಮೀಟರ್ ಉಕ್ಕು ಸುಮಾರು 7.8 ಗ್ರಾಂ ತೂಗಿದರೆ ಟೈಟಾನಿಯಂ 4.5 ಗ್ರಾಂ ಮಾತ್ರ. ಅದಕ್ಕೆ ತುಕ್ಕು ಹಿಡಿಯದು, ಬಣ್ಣವೂ ಬೇಡ. ಅದರ ಅದಿರಾದ ಇಲ್ಮೆನೈಟ್ ಕೇರಳದ ಚವರದ ಕಡಲ ಮರಳಿನಲ್ಲಿಯೇ ಇದೆ. ಆದರೆ ಬೆಸೆಯುವುದು ಕಷ್ಟ. ಕಾದಾಗ ಗಾಳಿ ತಗುಲಿದರೆ ಪೆಡಸಾಗುತ್ತದೆ. ಆದುದರಿಂದ ಕೊಳವೆಯ ಒಳಗೂ ಹೊರಗೂ ಆರ್ಗಾನ್ ಅನಿಲ ಹಾಯಿಸಿ ಬೆಸೆಯಬೇಕು. ಇಂಥ ಕೆಲಸ ಮಾಡುವ ಸಣ್ಣ ಕಾರ್ಖಾನೆಗಳಲ್ಲೊಂದು 1997ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ಆರಂಭವಾದ ಸೆವೆನ್ ಸೈಕಲ್ಸ್. ಬೆಲೆ ಲಕ್ಷಗಳಲ್ಲಿ.

ನನ್ನನ್ನು ಸೆಳೆದ ಸಂಗತಿ ಇನ್ನೊಂದು. ಇಂಥ ಕುಶಲಿಗಳು ಮೊದಲು ಗಿರಾಕಿಯ ಕಾಲು, ತೋಳು, ಬೆನ್ನುಗಳ ಅಳತೆ ಕೇಳುತ್ತಾರೆ. ಎಂಥ ದಾರಿಯಲ್ಲಿ ಓಡಿಸುತ್ತೀರಿ, ಹಳೆಯ ನೋವೇನಾದರೂ ಇದೆಯೇ ಎಂದು ವಿಚಾರಿಸುತ್ತಾರೆ. ಆಮೇಲೆಯೇ ಕೊಳವೆ ಕತ್ತರಿಸುವುದು. ನಮ್ಮ ಮನೆಯಲ್ಲಾದರೋ ಅಂಗಿಯಿಂದ ಚಪ್ಪಲಿಯವರೆಗೆ ಎಲ್ಲವನ್ನೂ "ಬೆಳಿಯೋ ಹುಡುಗ" ಎಂದು ಒಂದಳತೆ ದೊಡ್ಡದೇ ತರುತ್ತಿದ್ದರು. ಅಪ್ಪನ 24 ಇಂಚಿನ ಸೈಕಲ್ಲನ್ನು ನಾನು ಕಲಿತದ್ದೂ ನಡುವಿನ ಪೈಪಿನ ಕೆಳಗೆ ಕಾಲು ತೂರಿಸಿ, ಒಳಪೆಡಲು ಹೊಡೆದೇ. ವಸ್ತುವಿಗೆ ನಾವು ಹೊಂದಿಕೊಳ್ಳಬೇಕೇ ಹೊರತು ನಮಗೆ ವಸ್ತು ಹೊಂದುವುದುಂಟೆ?

ಅದೇ ವರ್ಷ ಅಪ್ಪ ಮಾನ್ವಿಯ ಹತ್ತಿರ ಕಾಲುವೆಯ ದಂಡೆಯಲ್ಲಿ ಬಿದ್ದು ಬಲ ಮೊಣಕಾಲು ಕೆಡಿಸಿಕೊಂಡ. ಗಾಯ ಮಾಯಿತು, ಆದರೆ ಕಾಲು ಪೂರ್ತಿ ಮಡಚದಾಯಿತು. ಪೆಡಲು ಮೇಲಕ್ಕೆ ಬಂದೊಡನೆ ಅಲ್ಲಿಯೇ ನಿಲ್ಲುತ್ತಿತ್ತು. ಸೈಕಲ್ಲಿಲ್ಲದೆ ದೂರದ ಗದ್ದೆಗಳ ಕೂಲಿ ತಪ್ಪಿತು. ನಾನು ಕಾಲೇಜು ಬಿಡುವೆನೆಂದೆ. ಅಪ್ಪ ಉತ್ತರ ಕೊಡಲಿಲ್ಲ. ಮರುದಿನ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿ, ಮಾರುವುದಕ್ಕೆಂದು ಅತ್ತೆಯ ಊರಾದ ದೇವದುರ್ಗಕ್ಕೆ ನನ್ನನ್ನೂ ಕರೆದೊಯ್ದ.

ಬೇವಿನ ಮರದ ಕೆಳಗಿನ ಆ ಅಂಗಡಿಯ ಮುದುಕ ಸೈಕಲ್ಲನ್ನು ನೋಡಲೇ ಇಲ್ಲ. ಅಪ್ಪನ ನಡಿಗೆಯನ್ನು ನೋಡಿದ.

"ಮೊಣಕಾಲು ಎಲ್ಲಿತನ ಮಡಚ್ತದ ಯಜಮಾನ್ರೆ? ಮಡಚಿ ತೋರಸ್ರಿ."

ಒಂದು ಕಡ್ಡಿಯನ್ನು ಅಪ್ಪನ ಕಾಲಿಗೆ ಹಿಡಿದು ಉಗುರಿನಿಂದ ಗುರುತು ಮಾಡಿಕೊಂಡ. ಪೆಡಲಿನ ಉದ್ದನೆಯ ಕ್ರ್ಯಾಂಕುಗಳನ್ನು ಬಿಚ್ಚಿ ಮಕ್ಕಳ ಸೈಕಲ್ಲಿನ ಗಿಡ್ಡ ಕ್ರ್ಯಾಂಕುಗಳನ್ನು ಹಾಕಿದ. ಸೀಟನ್ನು ಒಂದಂಗುಲ ಏರಿಸಿದ. ಪಾದ ತಿರುಗುವ ಸುತ್ತು ಚಿಕ್ಕದಾಯಿತು, ಮೊಣಕಾಲು ಅಷ್ಟು ಮಡಚಬೇಕಾಗಿಲ್ಲ. ಗಿಡ್ಡ ಕ್ರ್ಯಾಂಕಿಗೆ ಬಲ ಹೆಚ್ಚು ಬೇಕೆಂದು ಹಿಂದಿನ 18 ಹಲ್ಲಿನ ಚಕ್ರ ತೆಗೆದು 22 ಹಲ್ಲಿನದನ್ನು ಕೂರಿಸಿದ. "ಓಟ ಸ್ವಲ್ಪ ಕಡಿಮೆ ಆಗ್ತದ, ಊರು ಮುಟ್ಟಸ್ತದ" ಎಂದ.

ಅಪ್ಪ ಬೇವಿನ ಮರವನ್ನು ಮೂರು ಸುತ್ತು ಹಾಕಿದ. ಮೊದಲ ಸುತ್ತಿನಲ್ಲಿ ತೂರಾಡಿದ. ಮೂರನೆಯದರಲ್ಲಿ ಗಂಟೆ ಬಾರಿಸಿದ. ನನ್ನ ವಿದ್ಯಾರ್ಥಿವೇತನದಲ್ಲಿ ಉಳಿಸಿದ ಹಣವನ್ನು ಮುದುಕನಿಗೆ ಕೊಟ್ಟೆ. ಕಾಲೇಜು ಬಿಡುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಟೈಟಾನಿಯಂ ಸೈಕಲ್ಲಿನ ಆಸೆ ಇನ್ನೂ ಹೋಗಿಲ್ಲ. ಎಂದಾದರೊಂದು ದಿನ ಅದನ್ನು ಮಾಡುವವರು ನನ್ನ ಹಳೆಯ ನೋವುಗಳನ್ನು ಕೇಳಿದರೆ, ಈ ಪ್ರಶ್ನೆಯನ್ನು ದೇವದುರ್ಗದಲ್ಲಿ ಮೊದಲೇ ಕೇಳಿದ್ದೇನೆ ಎಂದು ಹೇಳುವೆನು.